ಕಲಂ ಬಂತು, ಕಾಲಂ ಬರಲಿಲ್ಲ: ದ್ವೇಷ ಅಪರಾಧದ ಲೆಕ್ಕ ಎಲ್ಲಿ ತಪ್ಪುತ್ತದೆ?

2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಅಂಗೀಕಾರವಾದಾಗ ಸದನದ ಒಳಗೂ ಹೊರಗೂ ಗದ್ದಲವೆದ್ದಿತು. ದ್ವೇಷ ಮಿತಿಮೀರಿದೆ, ಈಗಿರುವ ಕಾನೂನು ಸಾಲದು ಎಂದಿತು ಸರ್ಕಾರ. ಬಾಯಿ ಮುಚ್ಚಿಸುವ ಹುನ್ನಾರ ಎಂದಿತು ಪ್ರತಿಪಕ್ಷ. ಕೇಳಿದವರಿಗೆ ಸಹಜವಾಗಿ ಬರುವ ಪ್ರಶ್ನೆ ಬೇರೆ: ಮಿತಿಮೀರಿದೆ ಅಂದರೆ ಎಷ್ಟು? ರಾಜ್ಯದಲ್ಲಿ ವರ್ಷಕ್ಕೆ ಎಷ್ಟು ದ್ವೇಷ ಅಪರಾಧ ನಡೆಯುತ್ತವೆ? ಹೋದ ವರ್ಷಕ್ಕಿಂತ ಹೆಚ್ಚೋ, ಕಡಿಮೆಯೋ?

ಇದಕ್ಕೆ ಅಧಿಕೃತ ಉತ್ತರವಿಲ್ಲ. ಅಂಕಿ ಯಾವುದೋ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದೆ ಎಂದುಕೊಂಡರೆ ತಪ್ಪು. ಅದು ಹುಟ್ಟಿಯೇ ಇಲ್ಲ. ಯಾಕೆ ಹುಟ್ಟಲಿಲ್ಲ ಎಂದು ತಿಳಿಯಲು ದೆಹಲಿಗಿಂತ ಮೊದಲು ಪೊಲೀಸ್ ಠಾಣೆಗೆ ಹೋಗಬೇಕು.

ಯಾವ ದ್ವೇಷ?

ಕನ್ನಡದಲ್ಲಿ ಮೊದಲ ತೊಡಕು ಪದದ್ದೇ. ‘ಹಳೇ ದ್ವೇಷಕ್ಕೆ ಕೊಲೆ’ ಎಂಬ ತಲೆಬರಹ ಪತ್ರಿಕೆ ಓದುವವರಿಗೆಲ್ಲ ಪರಿಚಿತ. ಅದು ಬದುವಿನ ಜಗಳ, ಸಾಲದ ಜಗಳ. ಇಬ್ಬರ ನಡುವಿನ ವೈಷಮ್ಯ. ದ್ವೇಷ ಅಪರಾಧದಲ್ಲಿ ಹೊಡೆದವನಿಗೂ ಹೊಡೆಸಿಕೊಂಡವನಿಗೂ ಮುಖಪರಿಚಯವೂ ಇರಬೇಕಿಲ್ಲ. ಏಟು ಬೀಳುವುದು ಅವನ ಜಾತಿಗೆ, ಧರ್ಮಕ್ಕೆ, ಭಾಷೆಗೆ, ಊರಿಗೆ. ಆ ಜಾಗದಲ್ಲಿ ಅದೇ ಗುಂಪಿನ ಇನ್ನೊಬ್ಬನಿದ್ದಿದ್ದರೂ ಬೀಳುತ್ತಿತ್ತು.

ಹಾಗಾಗಿ ಇಲ್ಲಿ ಎರಡು ಭಾಗಗಳಿವೆ. ಹಲ್ಲೆ, ಕೊಲೆ, ಬೆಂಕಿ ಹಚ್ಚುವುದು ಇತ್ಯಾದಿ ಮಾಮೂಲಿ ಅಪರಾಧ ಒಂದು. ಅದರ ಹಿಂದಿನ ಪ್ರೇರಣೆ ಇನ್ನೊಂದು. ಎರಡನ್ನೂ ಬರೆದುಕೊಂಡರೆ ಮಾತ್ರ ಲೆಕ್ಕ ಸಿಗುತ್ತದೆ. ನಮ್ಮ ಪೊಲೀಸ್ ಅಂಕಿಅಂಶ ಮೊದಲನೆಯದನ್ನು ಎಣಿಸುತ್ತದೆ, ಎರಡನೆಯದನ್ನು ಬಹುಪಾಲು ಬಿಟ್ಟುಬಿಡುತ್ತದೆ. ದ್ವೇಷ ಭಾಷಣ ಇವೆರಡಕ್ಕಿಂತ ಬೇರೆ. ಅಲ್ಲಿ ಮಾತೇ ಅಪರಾಧ. ಚರ್ಚೆಗಳಲ್ಲಿ ಇವೆಲ್ಲ ಒಂದೇ ಚೀಲಕ್ಕೆ ಬೀಳುತ್ತವೆ.

ರೈಟರ್ ಮೇಜಿನ ಮುಂದೆ

ಒಂದು ಕಾಲ್ಪನಿಕ ಪ್ರಕರಣ ನೋಡೋಣ. ರಾತ್ರಿ ಬಸ್ ನಿಲ್ದಾಣದಲ್ಲಿ ಮೂವರು ಒಬ್ಬನ ಹೆಸರು ಕೇಳುತ್ತಾರೆ. ಹೆಸರು ಹೇಳಿದ ಕೂಡಲೇ ಅವನ ಧರ್ಮ ಹಿಡಿದು ಬೈದು, ಕೆನ್ನೆಗೆ ಬಾರಿಸಿ, ಕೆಳಗೆ ಬೀಳಿಸಿ ಒದೆಯುತ್ತಾರೆ. ಮೂಗಲ್ಲಿ ರಕ್ತ, ಮೂಳೆ ಮುರಿದಿಲ್ಲ. ಅವನು ಠಾಣೆಗೆ ಬಂದು ಪಿರ್ಯಾದು ಕೊಡುತ್ತಾನೆ.

ಠಾಣೆಯ ರೈಟರ್, ಅಂದರೆ ದಾಖಲೆ ಬರೆಯುವ ಪೊಲೀಸ್, ಈ ಕಥೆಯನ್ನು ಕಲಂಗಳಾಗಿ ಒಡೆಯಬೇಕು. ಭಾರತೀಯ ನ್ಯಾಯ ಸಂಹಿತೆಯ 115(2), ಅಂದರೆ ಹೊಡೆದದ್ದು. 352, ಅಂದರೆ ಬೇಕೆಂದೇ ಅವಮಾನಿಸಿದ್ದು. ಹಳೆಯ ಭಾರತೀಯ ದಂಡಸಂಹಿತೆಯ 323, 504 ಇವೇ. ಇವೆರಡೂ ಅಸಂಜ್ಞೇಯ: ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇಷ್ಟೇ ಆದರೆ ಎನ್‌ಸಿ (ಅಸಂಜ್ಞೇಯ ಪ್ರಕರಣಗಳ) ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೆದು, ಹಿಂಬರಹ ಕೊಟ್ಟು ಕಳಿಸುತ್ತಾರೆ. ಪಿರ್ಯಾದಿನಲ್ಲಿ ‘ಅಡ್ಡಗಟ್ಟಿ’ ಎಂಬ ಒಂದು ಪದವಿದ್ದರೆ 126(2) ಸೇರುತ್ತದೆ, ಅದು ಸಂಜ್ಞೇಯ, ಎಫ್‌ಐಆರ್ ಆಗುತ್ತದೆ. ಎನ್‌ಸಿ ಆದದ್ದು ರಾಷ್ಟ್ರೀಯ ಅಪರಾಧ ಅಂಕಿಗೆ ಹೋಗುವುದೇ ಇಲ್ಲ. ಒಂದು ಪದದ ಮೇಲೆ ಘಟನೆ ಲೆಕ್ಕಕ್ಕೆ ಬರುವುದೂ ಬಾರದಿರುವುದೂ ನಿಂತಿದೆ.

‘ಹೆಸರು ಕೇಳಿ ಹೊಡೆದರು’ ಎಂಬ ವಾಕ್ಯ ಏನಾಯಿತು? ರೈಟರ್ ಪ್ರಾಮಾಣಿಕನಾಗಿದ್ದರೆ ಪಿರ್ಯಾದಿನ ಒಕ್ಕಣೆಯಲ್ಲಿ ಅದು ಉಳಿಯುತ್ತದೆ. ಆದರೆ ಒಕ್ಕಣೆಯನ್ನು ಯಾರೂ ಎಣಿಸುವುದಿಲ್ಲ, ಎಣಿಸುವುದು ಕಲಂಗಳನ್ನು. ಗುಂಪುಗಳ ನಡುವೆ ವೈರ ಬಿತ್ತುವುದಕ್ಕೆ 196 ಇದೆ, ಹಿಂದಿನ 153ಎ. ಅದನ್ನು ಹಾಕಬೇಕೋ ಬೇಡವೋ ಎಂಬುದು ಠಾಣಾಧಿಕಾರಿಯ ವಿವೇಚನೆ. ಹಾಕಿದರೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು, ಮೇಲಿನವರಿಂದ ಪ್ರಶ್ನೆ ಬರುತ್ತದೆ, ಊರಲ್ಲಿ ಸುದ್ದಿಯಾಗುತ್ತದೆ. ಸಾಮಾನ್ಯ ಹೊಡೆದಾಟದ ಕಲಂಗಳಲ್ಲಿ ಈ ರಗಳೆ ಯಾವುದೂ ಇಲ್ಲ. ಪೂರ್ವಗ್ರಹ ಇಲ್ಲದ ಅಧಿಕಾರಿಯೂ ಹಗುರ ದಾರಿ ಹಿಡಿಯಲು ಇಷ್ಟು ಸಾಕು.

ಏಟು ದೊಡ್ಡದಾದಷ್ಟೂ ದ್ವೇಷ ಮರೆ

ಠಾಣೆಯಿಂದ ಅಂಕಿ ಜಿಲ್ಲಾ ಅಪರಾಧ ದಾಖಲೆ ಘಟಕಕ್ಕೆ, ಅಲ್ಲಿಂದ ರಾಜ್ಯ ಘಟಕಕ್ಕೆ, ಕೊನೆಗೆ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಹೋಗುತ್ತದೆ. 1986ರಲ್ಲಿ ಸ್ಥಾಪನೆಯಾದ ಈ ಬ್ಯೂರೊವೇ ‘ಕ್ರೈಮ್ ಇನ್ ಇಂಡಿಯಾ’ ವಾರ್ಷಿಕ ವರದಿ ತರುವುದು.

ವರದಿಯ ಮೊದಲ ಪುಟಗಳಲ್ಲೇ ಒಂದು ನಿಯಮ ಬರೆದಿರುತ್ತದೆ, ಹೆಚ್ಚಿನವರು ಓದದೆ ಮುಂದೆ ಹೋಗುತ್ತಾರೆ. ಪ್ರಧಾನ ಅಪರಾಧ ನಿಯಮ: ಒಂದೇ ಎಫ್‌ಐಆರ್‌ನಲ್ಲಿ ಹಲವು ಕಲಂಗಳಿದ್ದರೆ ಅತಿ ಘೋರವಾದ ಒಂದನ್ನು ಮಾತ್ರ ಎಣಿಸಬೇಕು. ಒಂದು ಪ್ರಕರಣ ಎರಡು ಸಲ ಎಣಿಕೆಯಾಗಬಾರದೆಂಬ ಉದ್ದೇಶ ಸರಿಯೇ.

ನಮ್ಮ ಬಸ್ ನಿಲ್ದಾಣದ ಪ್ರಕರಣಕ್ಕೆ ಇದನ್ನು ಹಚ್ಚಿ ನೋಡಿ. ಠಾಣಾಧಿಕಾರಿ ಧೈರ್ಯ ಮಾಡಿ 196 ಹಾಕಿದ ಎನ್ನಿ. ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ; ಉಳಿದ ಕಲಂಗಳಿಗೆ ಅದಕ್ಕಿಂತ ಕಡಿಮೆ. ಹಾಗಾಗಿ ಪ್ರಕರಣ 196ರ ಲೆಕ್ಕಕ್ಕೆ ಸೇರುತ್ತದೆ. ಈಗ ಆ ಮೂವರಲ್ಲಿ ಒಬ್ಬ ಚಾಕು ತೆಗೆದು ಹೊಟ್ಟೆಗೆ ಇರಿದ ಎನ್ನಿ. ಕೊಲೆಯತ್ನದ 109 ಬಂದು ಕೂರುತ್ತದೆ, 196ನ್ನು ನುಂಗಿಹಾಕುತ್ತದೆ. ವರದಿಯಲ್ಲಿ ಅದು ಕೇವಲ ಕೊಲೆಯತ್ನ. ಕೆನ್ನೆಗೆ ಹೊಡೆದರೆ ಕಾಣುವ ದ್ವೇಷ, ಹೊಟ್ಟೆಗೆ ಇರಿದರೆ ಕಾಣುವುದಿಲ್ಲ.

153ಎ ಅಂಕಿ ಹಿಡಿದು ವಾದ ಮಾಡುವವರು ಇದನ್ನು ನೆನಪಿಡಬೇಕು. 2020ರಲ್ಲಿ ಆ ಕಲಂನಡಿ ದೇಶದಲ್ಲಿ 1,804 ಪ್ರಕರಣಗಳಿದ್ದವು. ಅದು ಆ ವರ್ಷದ ದ್ವೇಷದ ಅಳತೆ ಎನ್ನುವಂತಿಲ್ಲ. ವೇದಿಕೆಯ ಭಾಷಣಕ್ಕೂ ವಾಟ್ಸ್‌ಆ್ಯಪ್ ಸಂದೇಶಕ್ಕೂ ಅದೇ ಕಲಂ. ದ್ವೇಷದಿಂದಾದ ಕೊಲೆಗಳು ಮಾತ್ರ ಈ ನಿಯಮದ ದೆಸೆಯಿಂದ ಅದರ ಹೊರಗೆ.

ಪ್ರೇರಣೆಯ ಕಾಲಂ ಒಂದು ಕಡೆ ಇದೆ

ಪ್ರೇರಣೆ ಬರೆಯಲು ಪೊಲೀಸರಿಗೆ ಬರುವುದೇ ಇಲ್ಲ ಎನ್ನುವ ಹಾಗಿಲ್ಲ. ಕೊಲೆಗಳಿಗೆ ಬ್ಯೂರೊ ಪ್ರತ್ಯೇಕ ಪ್ರೇರಣಾ ಪಟ್ಟಿ ಕೊಡುತ್ತದೆ. 2022ರ 28,522 ಕೊಲೆ ಪ್ರಕರಣಗಳಲ್ಲಿ 9,962 ವ್ಯಾಜ್ಯ ತಂಟೆಗಳಿಂದ, 3,761 ವೈಯಕ್ತಿಕ ವೈಷಮ್ಯದಿಂದ, ಅಂದರೆ ನಮ್ಮ ‘ಹಳೇ ದ್ವೇಷ’ದಿಂದ. ಅದೇ ಪಟ್ಟಿಯಲ್ಲಿ ಕೋಮು, ಜಾತಿ, ಮರ್ಯಾದೆಗೇಡು ಹತ್ಯೆ, ಮಾಟಮಂತ್ರ ಎಂಬ ಸಾಲುಗಳೂ ಇವೆ. ದೊಂಬಿಗಳಿಗೂ ಇಂಥದೇ ವಿಂಗಡಣೆ ಇದೆ. ಆದರೆ ದೊಂಬಿಗೆ ಕನಿಷ್ಠ ಐವರು ಬೇಕು. ನಮ್ಮ ಮೂವರು ಅಲ್ಲಿಗೂ ಸಲ್ಲುವುದಿಲ್ಲ.

ಇರುವ ಕಾಲಂ ಕೂಡ ಎಷ್ಟು ನಂಬಿಕಸ್ಥ ಎನ್ನಲು ಒಂದು ಉದಾಹರಣೆ ಸಾಕು. ಬ್ಯೂರೊ ಪ್ರಕಾರ ಕೋಮು ದೊಂಬಿ ಪ್ರಕರಣಗಳು 2016ರಲ್ಲಿ 869, 2017ರಲ್ಲಿ 723. ಇಳಿಕೆ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ‘ಕೋಮು ಘಟನೆ’ಗಳ ಲೆಕ್ಕದಲ್ಲಿ 2016ಕ್ಕೆ 703, 2017ಕ್ಕೆ 822. ಏರಿಕೆ. ಬ್ಯೂರೊ ಅದೇ ಸಚಿವಾಲಯದ ಅಧೀನ ಸಂಸ್ಥೆ! ಒಂದು ಎಣಿಸುವುದು ದೊಂಬಿಯ ಕಲಂ ಬಿದ್ದ ಎಫ್‌ಐಆರ್‌ಗಳನ್ನು, ಇನ್ನೊಂದು ಎಣಿಸುವುದು ಘಟನೆಗಳನ್ನು. ಒಂದೇ ಗಲಭೆಗೆ ಹತ್ತು ಎಫ್‌ಐಆರ್ ಆಗಬಹುದು. ಎಫ್‌ಐಆರ್‌ನಲ್ಲಿ ದೊಂಬಿಯ ಕಲಂ ಇಲ್ಲದ ಘಟನೆಯೂ ಇರಬಹುದು. ಹೀಗಾಗಿ ತಮಗೆ ಬೇಕಾದ ಅಂಕಿಯನ್ನು ಆರಿಸಿಕೊಳ್ಳಲು ಎಲ್ಲ ಪಕ್ಷಗಳಿಗೂ ಅವಕಾಶ.

ಜಾತಿ ದೌರ್ಜನ್ಯದ ಲೆಕ್ಕ ಏಕೆ ಗಟ್ಟಿ?

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ಅಪರಾಧಗಳಿಗೆ ವರದಿಯಲ್ಲಿ ತಮ್ಮದೇ ಅಧ್ಯಾಯಗಳಿವೆ. 2023ರಲ್ಲಿ ಪರಿಶಿಷ್ಟ ಜಾತಿಯವರ ವಿರುದ್ಧ 57,789, ಪಂಗಡದವರ ವಿರುದ್ಧ 12,960 ಪ್ರಕರಣ. ಇಷ್ಟು ಖಚಿತವಾಗಿ ಎಣಿಸಲು ಸಾಧ್ಯವಾದದ್ದು 1989ರ ದೌರ್ಜನ್ಯ ತಡೆ ಕಾಯ್ದೆಯಿಂದ. ಕಲಂ ಇದೆ, ಆದ್ದರಿಂದ ಕಾಲಂ ಇದೆ.

ಈ ಕಾಯ್ದೆಯ ಇತಿಹಾಸದಲ್ಲಿ ಪ್ರೇರಣೆಯನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ ಎಂಬುದರ ಪಾಠವೂ ಇದೆ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಅನ್ವಯಿಸುವ 3(2)(v) ಕಲಂ, ಪರಿಶಿಷ್ಟರು ‘ಎಂಬ ಕಾರಣಕ್ಕೆ’ ಅಪರಾಧ ಎಸಗಿರಬೇಕು ಎನ್ನುತ್ತಿತ್ತು. ಕಾರಣ ಮನಸ್ಸಿನೊಳಗಿನದು, ಜಾತಿ ಹಿಡಿದು ಬೈದ ಸಾಕ್ಷ್ಯ ಇಲ್ಲದಿದ್ದರೆ ಪ್ರಕರಣ ಬೀಳುತ್ತಿತ್ತು. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಪರಿಶಿಷ್ಟರು ‘ಎಂದು ತಿಳಿದೂ’ ಎಂದು ಬದಲಿಸಿತು. ಪ್ರಾಸಿಕ್ಯೂಷನ್ ಹೊರೆ ಇಳಿಯಿತು. ಜೊತೆಗೆ ಅಂಕಿಯ ಅರ್ಥವೂ ಬದಲಾಯಿತು: ಅಂದಿನಿಂದ ಅದು ಜಾತಿದ್ವೇಷದ ಅಪರಾಧಗಳಿಗಿಂತ ಅಗಲವಾದ ಬಲೆ.

ಬಲೆಗೆ ತೂತುಗಳೂ ಇವೆ. ಕ್ರೈಸ್ತ ಧರ್ಮಕ್ಕೆ ಹೋದ ದಲಿತರು 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರಲ್ಲ. ಅವರ ಮೇಲಿನ ಹಲ್ಲೆ ಇಲ್ಲಿ ಸೇರುವುದಿಲ್ಲ. ಇನ್ನು ಮಣಿಪುರ: 2022ರಲ್ಲಿ ಪಂಗಡದವರ ವಿರುದ್ಧ ಅಲ್ಲಿ ಒಂದೇ ಒಂದು ಪ್ರಕರಣ, ಕುಕಿ-ಮೈತೇಯಿ ಹಿಂಸೆ ಭುಗಿಲೆದ್ದ 2023ರಲ್ಲಿ 3,399. ಕುಕಿ ಸಮುದಾಯಗಳು ಪರಿಶಿಷ್ಟ ಪಂಗಡ, ಮೈತೇಯಿಗಳು ಅಲ್ಲ. ಅದೇ ಹಿಂಸೆಯಲ್ಲಿ ಮನೆ ಕಳೆದುಕೊಂಡ ಮೈತೇಯಿ ಕುಟುಂಬ ಈ ಅಧ್ಯಾಯದಲ್ಲಿ ಕಾಣುವುದಿಲ್ಲ. ಕಾನೂನು ಯಾರ ಕಡೆ ದೀಪ ಹಿಡಿಯುತ್ತದೋ ಅವರಷ್ಟೇ ಲೆಕ್ಕದಲ್ಲಿ ಕಾಣುತ್ತಾರೆ.

ಇನ್ನೊಂದು ಮಾತು. ಎಣಿಕೆಯ ಮೂಲಮಾನ ಪ್ರಕರಣ, ಮನುಷ್ಯರಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತ ಕೇರಿಗೆ ನುಗ್ಗಿ ಹಲ್ಲೆ ಮಾಡಿ ಗುಡಿಸಲಿಗೆ ಬೆಂಕಿ ಇಟ್ಟ ಪ್ರಕರಣದಲ್ಲಿ, ಹತ್ತು ವರ್ಷದ ನಂತರ 2024ರ ಅಕ್ಟೋಬರ್‌ನಲ್ಲಿ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಇಡೀ ಕೇರಿ ಒಂದು ಕಡೆ, ನೂರೊಂದು ಅಪರಾಧಿಗಳು ಇನ್ನೊಂದು ಕಡೆ. ಒಂದು ಅಪರಾಧ ಸಂಖ್ಯೆಯಡಿ ದಾಖಲಾದದ್ದು ಪ್ರಕರಣಗಳ ಪಟ್ಟಿಯಲ್ಲಿ ಒಂದೇ.

2017ರಲ್ಲಿ ಬಂದು ಹೋದ ಕಾಲಂ

ಬ್ಯೂರೊ ಒಮ್ಮೆ ಪ್ರಯತ್ನಿಸಿತ್ತು. 2017ರ ಆವೃತ್ತಿಗಾಗಿ ಗುಂಪುಹತ್ಯೆ, ಧಾರ್ಮಿಕ ಕಾರಣದ ಹತ್ಯೆ, ಖಾಪ್ ಪಂಚಾಯಿತಿ ಆದೇಶದ ಹತ್ಯೆ ಮುಂತಾದ ಹೊಸ ಶೀರ್ಷಿಕೆಗಳಡಿ ರಾಜ್ಯಗಳಿಂದ ಮಾಹಿತಿ ತರಿಸಿಕೊಂಡಿತು. ವರದಿ ಬಹಳ ತಡವಾಗಿ 2019ರ ಅಕ್ಟೋಬರ್‌ನಲ್ಲಿ ಹೊರಬಂದಾಗ ಆ ಪುಟಗಳಿರಲಿಲ್ಲ. ಮುಂದೆ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ವಿವರಣೆ: ಈ ಅಪರಾಧಗಳಿಗೆ ಕಾನೂನಿನಲ್ಲಿ ವ್ಯಾಖ್ಯಾನವಿಲ್ಲ, ಬಂದ ಮಾಹಿತಿ ನಂಬುವಂತಿರಲಿಲ್ಲ, ಸಂಗ್ರಹ ನಿಲ್ಲಿಸಲಾಗಿದೆ. ಪೊಲೀಸ್ ಮತ್ತು ಕಾನೂನು ಸುವ್ಯವಸ್ಥೆ ರಾಜ್ಯಪಟ್ಟಿಯ ವಿಷಯ ಎಂಬ ಮಾತೂ ಇಂಥ ಉತ್ತರಗಳಲ್ಲಿ ತಪ್ಪದೆ ಬರುತ್ತದೆ.

ಈ ವಾದದಲ್ಲಿ ಹುರುಳಿದೆ. ಒಂದು ರಾಜ್ಯ ಮಕ್ಕಳ ಕಳ್ಳನೆಂಬ ವದಂತಿಯ ಹತ್ಯೆಯನ್ನು ಗುಂಪುಹತ್ಯೆ ಎಂದು ಬರೆದು, ಪಕ್ಕದ ರಾಜ್ಯ ಬರೆಯದಿದ್ದರೆ ಎರಡನ್ನು ಹೋಲಿಸಿ ಉಪಯೋಗವಿಲ್ಲ. ಆದರೆ ಕೊಲೆಯ ಪ್ರೇರಣಾ ಪಟ್ಟಿಯಲ್ಲಿರುವ ‘ಜಾತಿ’ಗೂ ‘ಮರ್ಯಾದೆಗೇಡು’ ಹತ್ಯೆಗೂ ದಂಡಸಂಹಿತೆಯಲ್ಲಿ ವ್ಯಾಖ್ಯಾನ ಇರಲಿಲ್ಲ, ಅವನ್ನು ಎಣಿಸಲು ಅಡ್ಡಿಯಾಗಲಿಲ್ಲ. ವ್ಯಾಖ್ಯಾನ ಬೇಕಿದ್ದರೆ ಬ್ಯೂರೊ ತನ್ನ ನಮೂನೆಯ ಜೊತೆ ಒಂದು ಪುಟದ ಸೂಚನೆ ಕೊಟ್ಟರೆ ಆಗುತ್ತದೆ. ಕಾನೂನು ಸುಮ್ಮನಿದೆ ಎಂಬುದು ಎಣಿಕೆ ಬಿಡಲು ಸಾಕಾಗುವ ಕಾರಣವಲ್ಲ.

ಖಾಲಿ ಜಾಗವನ್ನು ಖಾಸಗಿ ಪಟ್ಟಿಗಳು ತುಂಬಲು ನೋಡಿದವು. ಹಿಂದೂಸ್ತಾನ್ ಟೈಮ್ಸ್ 2017ರಲ್ಲಿ ತೆರೆದ ಪಟ್ಟಿ ಅದೇ ವರ್ಷ ನಿಂತಿತು. ಫ್ಯಾಕ್ಟ್‌ಚೆಕರ್ ಜಾಲತಾಣದ ಪಟ್ಟಿ 2019ರಲ್ಲಿ ಮರೆಯಾಯಿತು. ಇಂಡಿಯಾ ಹೇಟ್ ಲ್ಯಾಬ್ ಎಂಬ ಸಂಶೋಧನಾ ಗುಂಪು 2023ಕ್ಕೆ 668, 2024ಕ್ಕೆ 1,165 ಎಂದು ಎಣಿಸಿದ್ದು ದ್ವೇಷ ಭಾಷಣದ ಕಾರ್ಯಕ್ರಮಗಳನ್ನು, ಹಲ್ಲೆಗಳನ್ನಲ್ಲ. ಸುದ್ದಿ ಆಧರಿಸಿದ ಪಟ್ಟಿಗಳ ದೌರ್ಬಲ್ಯ ಗೊತ್ತಿರುವುದೇ: ವರದಿಗಾರ ಇಲ್ಲದ ಊರಿನಲ್ಲಿ ಏನೂ ನಡೆಯುವುದಿಲ್ಲ. ಯಾವ ಘಟನೆ ಪಟ್ಟಿಗೆ ಸೇರಬೇಕೆಂದು ತಯಾರಕರೇ ತೀರ್ಮಾನಿಸುವುದರಿಂದ ಪಕ್ಷಪಾತದ ಆರೋಪವೂ ಬೆನ್ನಿಗಿರುತ್ತದೆ.

ಹೊರಗಿನ ಎರಡು ವಿಧಾನ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಪೊಲೀಸರು ದಾಖಲಿಸಿದ ದ್ವೇಷ ಅಪರಾಧ 1,40,561. ಅಮೆರಿಕದಲ್ಲಿ ಎಫ್‌ಬಿಐ 2024ಕ್ಕೆ ಕೊಟ್ಟ ಘಟನೆಗಳ ಸಂಖ್ಯೆ 11,679. ಅಮೆರಿಕದ ಜನಸಂಖ್ಯೆ ಐದು ಪಟ್ಟಿಗೂ ಹೆಚ್ಚು. ಹಾಗಾದರೆ ಇಂಗ್ಲಿಷರು ಅಷ್ಟು ಕ್ರೂರಿಗಳೇ?

ಎಣಿಸುವ ರೀತಿ ಬೇರೆ, ಅಷ್ಟೇ. ಬ್ರಿಟನ್ನಿನಲ್ಲಿ, ಕಪ್ಪು ಯುವಕನೊಬ್ಬನ ಕೊಲೆಯ ತನಿಖೆಯಲ್ಲಾದ ಲೋಪಗಳ ಕುರಿತ 1999ರ ಮ್ಯಾಕ್‌ಫರ್ಸನ್ ವರದಿಯ ನಂತರ, ಬಲಿಯಾದವರು ಅಥವಾ ಬೇರೆ ಯಾರಾದರೂ ಇದು ದ್ವೇಷದಿಂದ ಆದದ್ದು ಎಂದು ಭಾವಿಸಿದರೆ ಪೊಲೀಸರು ಹಾಗೆಂದು ಗುರುತು ಹಾಕಬೇಕು. ಸಾಬೀತು ಮಾಡುವುದು ಆಮೇಲಿನ ಮಾತು. ಅಮೆರಿಕದಲ್ಲಿ ಮೊದಲ ಅಧಿಕಾರಿ ಶಂಕೆ ಬರೆಯುತ್ತಾನೆ, ಎರಡನೇ ಹಂತದಲ್ಲಿ ಇನ್ನೊಬ್ಬರು ಪುರಾವೆ ತೂಗುತ್ತಾರೆ. ಮೇಲಾಗಿ ಸ್ಥಳೀಯ ಪೊಲೀಸರು ಎಫ್‌ಬಿಐಗೆ ವರದಿ ಮಾಡುವುದು ಐಚ್ಛಿಕ. ವರದಿ ಮಾಡುವವರಲ್ಲೂ ಬಹುತೇಕರದ್ದು ಸೊನ್ನೆ. ಜನರನ್ನೇ ಕೇಳುವ ಅಲ್ಲಿನ ಸಮೀಕ್ಷೆ ಮಾತ್ರ ವರ್ಷಕ್ಕೆ ಸರಾಸರಿ ಎರಡೂವರೆ ಲಕ್ಷದ ಆಸುಪಾಸು ಎನ್ನುತ್ತದೆ.

ಅಮೆರಿಕದ ನಮೂನೆಯಲ್ಲಿ ನಮಗೆ ಬೇಕಾದ ಒಂದು ಸಣ್ಣ ವಿಷಯವಿದೆ. ಪ್ರತಿ ಅಪರಾಧಕ್ಕೂ ಪ್ರೇರಣೆಯ ಸಂಕೇತ ತುಂಬಲೇಬೇಕು. ದ್ವೇಷ ಇಲ್ಲ ಎಂದರೆ 88, ಗೊತ್ತಾಗಿಲ್ಲ ಎಂದರೆ 99. ಖಾಲಿ ಬಿಡುವಂತಿಲ್ಲ. 2015ರವರೆಗೆ ಅದರಲ್ಲಿ ಹಿಂದೂ, ಸಿಖ್ ಎಂಬ ಸಂಕೇತಗಳೇ ಇರಲಿಲ್ಲ; ದೇವಸ್ಥಾನದ ಗೋಡೆಗೆ ಮಸಿ ಬಳಿದರೆ ‘ಇತರ ಧರ್ಮ’ ಎಂಬ 25ಕ್ಕೆ ಹೋಗುತ್ತಿತ್ತು. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಮಂದಿ ಗುಂಡಿಗೆ ಬಲಿಯಾದ ಮೇಲೆ ಒತ್ತಡ ಬಲವಾಗಿ ಹಿಂದೂಗೆ 84, ಸಿಖ್‌ಗೆ 85 ಹುಟ್ಟಿದವು. ಇಂದು ಕ್ಯಾಲಿಫೋರ್ನಿಯಾದ ಕನ್ನಡಿಗರು ದೇವಸ್ಥಾನದ ಮೇಲಿನ ದಾಳಿಗೆ ಅಂಕಿ ಕೇಳಬಹುದಾದರೆ ಅದು ಆ 84ರಿಂದ.

ಕುಡುಪು ಪ್ರಕರಣ ತೋರಿಸಿದ್ದು

2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 103(2) ಜಾರಿಯಲ್ಲಿದೆ. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದೇ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ‘ವ್ಯಾಖ್ಯಾನವಿಲ್ಲ’ ಎಂಬ ನೆಪ ಇಲ್ಲಿಗೆ ಮುಗಿಯಬೇಕಿತ್ತು.

2025ರ ಏಪ್ರಿಲ್ 27ರಂದು ಮಂಗಳೂರು ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಜಾಗದ ಬಳಿ ಗುಂಪೊಂದು ಒಬ್ಬನನ್ನು ಹೊಡೆದು ಕೊಂದಿತು. ಠಾಣೆಯಲ್ಲಿ ಮೊದಲು ದಾಖಲಾದದ್ದು ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ. ಮರಣೋತ್ತರ ಪರೀಕ್ಷೆಯಲ್ಲಿ ಏಟುಗಳು ಬಯಲಾದ ನಂತರ 103(2) ಅಡಿ ಪ್ರಕರಣವಾಯಿತು. ಕರ್ತವ್ಯಲೋಪದ ಮೇಲೆ ಇನ್ಸ್‌ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಯುಡಿಆರ್ ಅಪರಾಧವೇ ಅಲ್ಲ. ಒತ್ತಾಯ ಇಲ್ಲದ ಊರಿನಲ್ಲಿ ಅದು ಹಾಗೇ ಉಳಿದಿದ್ದರೆ ಯಾವ ಕಲಂಗೂ ಯಾವ ಕಾಲಂಗೂ ಸಿಗುತ್ತಿರಲಿಲ್ಲ.

103(2)ರಲ್ಲಿ ಇನ್ನೊಂದು ಕೊರತೆ ಇದೆ. ಭಾಷೆಗಾಗಿ ಕೊಂದರೂ ಜಾತಿಗಾಗಿ ಕೊಂದರೂ ಕಲಂ ಸಂಖ್ಯೆ ಒಂದೇ. ಧರ್ಮ ಎಂಬ ಪದ ಹೆಸರಿಟ್ಟು ಇಲ್ಲವೇ ಇಲ್ಲ. ‘ಸಮುದಾಯ’ ಅಥವಾ ‘ನಂಬಿಕೆ’ಯೊಳಗೆ ಓದಿಕೊಳ್ಳಬೇಕು. ಬ್ಯೂರೊ ಬರೀ ಕಲಂವಾರು ಮೊತ್ತ ಕೊಟ್ಟರೆ ಯಾರನ್ನು ಯಾಕೆ ಕೊಂದರು ಎಂಬುದು ಮತ್ತೆ ಗೊತ್ತಾಗುವುದಿಲ್ಲ. 2024ರ ಅಂಕಿಯಲ್ಲಂತೂ ಅರ್ಧ ವರ್ಷ ಹಳೆಯ ಸಂಹಿತೆ, ಅರ್ಧ ವರ್ಷ ಹೊಸದು. ಅದನ್ನು ಹಿಂದಿನ ವರ್ಷಗಳ ಪಕ್ಕ ಇಟ್ಟು ಗೆರೆ ಎಳೆಯುವವರು ಎಚ್ಚರವಿರಬೇಕು.

ಮಸೂದೆ ಎಣಿಸುವುದೇನನ್ನು?

ರಾಜ್ಯದ ಮಸೂದೆಗೆ ಬರೋಣ. ಹೆಸರಿನಲ್ಲಿ ದ್ವೇಷ ಅಪರಾಧ ಇದೆ. ವ್ಯಾಖ್ಯಾನ ತೆರೆದರೆ, ದ್ವೇಷ ಭಾಷಣವನ್ನು ಪ್ರಕಟಿಸುವುದು, ಹರಡುವುದು, ಅದಕ್ಕೆ ಪ್ರಚೋದನೆ ಅಥವಾ ಕುಮ್ಮಕ್ಕು ಕೊಡುವುದೇ ದ್ವೇಷ ಅಪರಾಧ. ಶಿಕ್ಷೆ ಒಂದರಿಂದ ಏಳು ವರ್ಷ. ಲೈಂಗಿಕ ಪ್ರವೃತ್ತಿ, ಅಂಗವೈಕಲ್ಯದಂಥ ಆಧಾರಗಳೂ ಪಟ್ಟಿಯಲ್ಲಿರುವುದು ಕೇಂದ್ರ ಕಾನೂನಿಗಿಂತ ಮುಂದಿನ ಹೆಜ್ಜೆ. ಆದರೆ ಬಸ್ ನಿಲ್ದಾಣದಲ್ಲಿ ಹೆಸರು ಕೇಳಿ ಹೊಡೆದ ಏಟು ಏಟಾಗಿ ಇದರೊಳಗೆ ಬರುವುದಿಲ್ಲ; ಜೊತೆಗೆ ಆಡಿದ ಮಾತು ಬರಬಹುದು, ಅಷ್ಟೇ.

ಇದರಿಂದ ಆಗುವುದನ್ನು ಈಗಲೇ ಹೇಳಬಹುದು. ಇದು ಜಾರಿಯಾದರೆ ಮೊದಲ ವರ್ಷ ‘ದ್ವೇಷ ಅಪರಾಧ’ ಎಂಬ ಹೆಸರಿನಡಿ ಒಂದು ಅಂಕಿ ಹೊರಬರುತ್ತದೆ. ಹಿಂದೆ ಆ ಸಾಲೇ ಇಲ್ಲದ್ದರಿಂದ ಸೊನ್ನೆಯಿಂದ ಜಿಗಿದಂತೆ ಕಾಣುತ್ತದೆ. ಅದರಲ್ಲಿ ಭಾಷಣ ಮತ್ತು ಪೋಸ್ಟುಗಳೇ ತುಂಬಿರುತ್ತವೆ. ಒಬ್ಬರು ಅದನ್ನು ದ್ವೇಷದ ಸ್ಫೋಟ ಎನ್ನುತ್ತಾರೆ, ಇನ್ನೊಬ್ಬರು ಸುಳ್ಳು ಕೇಸುಗಳ ಸ್ಫೋಟ ಎನ್ನುತ್ತಾರೆ. ಅಪರಾಧ ಏರುವುದೂ ಪೊಲೀಸರ ದಾಖಲಾತಿ ಏರುವುದೂ ಬೇರೆ ಬೇರೆ ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ; ಟಿವಿ ಚರ್ಚೆಗೆ ಆ ಎಚ್ಚರಿಕೆ ತಲುಪುವುದಿಲ್ಲ. ಸಾಲದ್ದಕ್ಕೆ ರಾಜ್ಯದ ಕಾಯ್ದೆ ರಾಷ್ಟ್ರೀಯ ವರದಿಯಲ್ಲಿ ‘ವಿಶೇಷ ಮತ್ತು ಸ್ಥಳೀಯ ಕಾನೂನು’ಗಳ ಭಾಗಕ್ಕೆ ಹೋಗುತ್ತದೆ, ಜೊತೆಗೆ ಕೊಲೆಯತ್ನ ಇದ್ದರೆ ಪ್ರಧಾನ ಅಪರಾಧ ನಿಯಮ ಮತ್ತೆ ನುಂಗುತ್ತದೆ.

ಲೆಕ್ಕ ಸರಿಪಡಿಸಲು ಹೊಸ ಶಿಕ್ಷೆ ಬೇಕಾಗಿಲ್ಲ. ಎಫ್‌ಐಆರ್ ಈಗ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ. ಕಲಂಗಳ ಕೆಳಗೆ ಪ್ರೇರಣೆಯ ಒಂದು ಚೌಕ ಸೇರಿಸಿ, ‘ಇಲ್ಲ’ ಮತ್ತು ‘ಗೊತ್ತಾಗಿಲ್ಲ’ ಸೇರಿದಂತೆ ಯಾವುದಾದರೂ ಒಂದನ್ನು ಒತ್ತದೆ ಮುಂದಕ್ಕೆ ಹೋಗದಂತೆ ಮಾಡಬಹುದು. ಪಿರ್ಯಾದುದಾರ ಹೇಳಿದ್ದು ಒಂದು ಸಾಲು. ದೋಷಾರೋಪ ಪಟ್ಟಿ ಅಥವಾ ಪ್ರಕರಣ ಮುಚ್ಚುವ ಬಿ ರಿಪೋರ್ಟ್ ಹಂತದಲ್ಲಿ ತನಿಖಾಧಿಕಾರಿ ಕಂಡುಕೊಂಡದ್ದು ಇನ್ನೊಂದು ಸಾಲು. ಎರಡನ್ನೂ ಪ್ರಕಟಿಸಿದರೆ ಸುಳ್ಳು ದೂರು ಎಷ್ಟು, ಪೊಲೀಸರು ಕೈಬಿಟ್ಟದ್ದೆಷ್ಟು ಎಂಬ ಜಗಳಕ್ಕೂ ಪುರಾವೆ ಸಿಗುತ್ತದೆ. ಈ ಚೌಕ ಕಲಂ ಅಲ್ಲದ್ದರಿಂದ ಪ್ರಧಾನ ಅಪರಾಧ ನಿಯಮ ಅದನ್ನು ಮುಟ್ಟುವುದಿಲ್ಲ. ಎನ್‌ಸಿ ರಿಜಿಸ್ಟರ್‌ಗೂ ಅದೇ ಚೌಕ ಬೇಕು, ಯಾಕೆಂದರೆ ಕೆನ್ನೆಗೆ ಬಿದ್ದ ಏಟುಗಳು ಹೆಚ್ಚಾಗಿ ಇರುವುದು ಅಲ್ಲೇ.